ರೀ-ಎಕ್ಸ್‌ಪೋರ್ಟ್ ಊರಿಗೆ ದೊಡ್ಡಪ್ಪ ಬಂದದ್ದು

ನಾನು ದುಬೈಗೆ ಬಂದು ಹದಿನಾಲ್ಕು ವರ್ಷವಾಯಿತು. ಬುರ್ಜ್ ಖಲೀಫಾ ಹತ್ತಿದ್ದು ಹತ್ತೊಂಬತ್ತು ಸಲ. ಒಂದು ಸಲವೂ ನನಗೇ ನೋಡಬೇಕು ಅನಿಸಿ ಹೋದದ್ದಲ್ಲ.

ಊರಿಂದ ಜನ ಬರುತ್ತಾರೆ. ಅಕ್ಟೋಬರ್‌ನಲ್ಲಿ ಸೆಕೆ ಇಳಿಯುವುದೇ ತಡ, ವಾಟ್ಸಾಪ್‌ನಲ್ಲಿ ಮೆಸೇಜು ಶುರು. "ಡಿಸೆಂಬರಲ್ಲಿ ಟಿಕೆಟ್ ರೇಟು ಹೇಗುಂಟು?" ಅಂತ ಯಾರಾದರೂ ಕೇಳಿದರು ಅಂದರೆ ಅವರು ಬರುವುದು ಖಂಡಿತ. ಬಾವನ ತಂಗಿಯ ಗಂಡ, ಹೈಸ್ಕೂಲಿನ ದೋಸ್ತಿ, ಅಪ್ಪನ ಜೊತೆ ಬ್ಯಾಂಕಿನಲ್ಲಿದ್ದವರು, ಹೀಗೆ. ಕರಾಮಾದ ನಮ್ಮ ಫ್ಲಾಟಿನ ಸೋಫಾ ಏಪ್ರಿಲ್ ತನಕ ಖಾಲಿ ಇರುವುದಿಲ್ಲ. ದೂರು ಹೇಳುತ್ತಿಲ್ಲ. ಬರುವವರೆಲ್ಲ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಹೊತ್ತುಕೊಂಡೇ ಬರುತ್ತಾರೆ. (ಸ್ವಲ್ಪ ದೂರೂ ಉಂಟು.)

2024ರಲ್ಲಿ ಈ ಊರಿಗೆ ಬಂದು ರಾತ್ರಿ ಉಳಿದ ವಿದೇಶಿ ಪ್ರವಾಸಿಗರು 1 ಕೋಟಿ 87 ಲಕ್ಷ. ಊರಿನ ಸ್ವಂತ ಜನಸಂಖ್ಯೆ ಆಗ 40 ಲಕ್ಷವೂ ಇರಲಿಲ್ಲ. ಅದರ ಹಿಂದಿನ ವರ್ಷ, 2023ರಲ್ಲಿ, ದೇಶವಾರು ಲೆಕ್ಕದಲ್ಲಿ ಮೊದಲ ಸ್ಥಾನ ನಮ್ಮದೇ: ಭಾರತದಿಂದ 24 ಲಕ್ಷದ 60 ಸಾವಿರ ಜನ. ಅದರಲ್ಲಿ ಅರ್ಧ ಜನ ನಮ್ಮ ಸೋಫಾದಲ್ಲೇ ಮಲಗಿದ್ದು ಅನ್ನುತ್ತಾಳೆ ನನ್ನ ಹೆಂಡತಿ.

ನನ್ನ ಕೆಲಸ ದೇರಾದ ಒಂದು ಸಣ್ಣ ಕ್ಲಿಯರಿಂಗ್ ಮತ್ತು ಫಾರ್ವರ್ಡಿಂಗ್ ಆಫೀಸಿನಲ್ಲಿ. ಒಂದು ದೇಶದಿಂದ ಬಂದ ಸರಕನ್ನು ಇನ್ನೊಂದು ದೇಶಕ್ಕೆ ಸಾಗಹಾಕುವುದು. ಚೀನಾದ ಟಯರು ಸೊಮಾಲಿಯಾಕ್ಕೆ, ನಮ್ಮ ಅಕ್ಕಿ ಇರಾನಿಗೆ. ಇದಕ್ಕೆ ರೀ-ಎಕ್ಸ್‌ಪೋರ್ಟ್ ಅನ್ನುತ್ತಾರೆ. ಪ್ರತಿ ಕಾಗದದಲ್ಲೂ ಒಂದು ಕಾಲಂ ಇರುತ್ತದೆ, ಸರಕಿನ ಮೂಲ ದೇಶ ಯಾವುದು ಅಂತ. ಇಷ್ಟು ವರ್ಷದಲ್ಲಿ ಅಲ್ಲಿ ನಾನು 'ಯುಎಇ' ಅಂತ ಬರೆದದ್ದು ಅಪರೂಪ. ಖರ್ಜೂರಕ್ಕೆ ಬರೆದಿದ್ದೇನೆ. ಜೆಬೆಲ್ ಅಲಿಯ ಅಲ್ಯೂಮಿನಿಯಂಗೂ ಬರೆದಿದ್ದೇನೆ. ಅದರ ಕಚ್ಚಾ ಮಾಲೂ ಹಡಗಿನಲ್ಲೇ ಬರುವುದು, ಆ ಮಾತು ಬೇರೆ.

2025ರ ಜನವರಿಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಬಂದರು. ಪುತ್ತೂರಿನಿಂದ ಒಳಗೆ ಅವರದ್ದು ಮೂರು ಎಕರೆ ಅಡಿಕೆ ತೋಟ. ದೊಡ್ಡಪ್ಪನಿಗೆ 74. ಪಾಸ್‌ಪೋರ್ಟಿಗೆ ಮೊದಲ ಠಸ್ಸೆ ಬಿದ್ದದ್ದು ಈ ಪ್ರವಾಸದಲ್ಲೇ. ಜಗತ್ತಿನ ಬಗ್ಗೆ ಅವರಿಗೆ ಇರುವ ಸಿಟ್ಟು ಎರಡೇ: ಕೊಳೆರೋಗ ಮತ್ತು ಹೊರದೇಶದ ಅಡಿಕೆ. ಹೊರಗಿನ ಅಡಿಕೆ ಬಂದು ರೇಟು ಬಿತ್ತು ಅಂತ ದಿನಕ್ಕೊಮ್ಮೆಯಾದರೂ ಬೈಯದಿದ್ದರೆ ಅವರಿಗೆ ಊಟ ಇಳಿಯುವುದಿಲ್ಲ.

ಮೊದಲ ದಿನ ಎಲ್ಲರನ್ನೂ ಕರೆದುಕೊಂಡು ಹೋಗುವ ಹಾಗೆ ಬುರ್ಜ್ ಖಲೀಫಾಕ್ಕೇ ಹೋದೆವು. 124ನೇ ಮಹಡಿಗೆ ಲಿಫ್ಟಿನಲ್ಲಿ ಒಂದು ನಿಮಿಷ. ಕಿವಿ ಮುಚ್ಚಿಕೊಂಡಿತು ಅಂತ ದೊಡ್ಡಮ್ಮ ಬಾಯಿ ಕಳೆದು ಮುಚ್ಚಿ ಮಾಡುತ್ತಿದ್ದರು. ಮೇಲೆ ಹೋದರೆ ಧೂಳಿನ ಮಬ್ಬು, ಸಮುದ್ರ ಎಲ್ಲಿ ಮುಗಿಯಿತು ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನಾನು ಯಾವತ್ತಿನ ಪಾಠ ಒಪ್ಪಿಸಿದೆ. 828 ಮೀಟರ್, 163 ಮಹಡಿ, ಬಾಗಿಲು ತೆರೆದದ್ದು 2010ರ ಜನವರಿ 4ಕ್ಕೆ. ರಂಜಾನ್ ತಿಂಗಳಲ್ಲಿ 80ನೇ ಮಹಡಿಯಿಂದ ಮೇಲಿನವರು ಉಪವಾಸ ಬಿಡಲು ಎರಡು ನಿಮಿಷ ಜಾಸ್ತಿ ಕಾಯಬೇಕು, 150ರಿಂದ ಮೇಲಿನವರು ಮೂರು ನಿಮಿಷ. ಅಷ್ಟು ಎತ್ತರದಲ್ಲಿ ಸೂರ್ಯ ಮುಳುಗುವುದು ತಡ. ಇದನ್ನು ಹೇಳಿದರೆ ಎಲ್ಲರಿಗೂ ಖುಷಿಯಾಗುತ್ತದೆ.

ದೊಡ್ಡಪ್ಪ ಮಾತ್ರ "ಕಟ್ಟಿದ್ದು ಯಾರು?" ಅಂತ ಕೇಳಿದರು.

ನಕ್ಷೆ ಹಾಕಿದ್ದು ಅಮೆರಿಕದವರು. ಕಂಟ್ರಾಕ್ಟು ಹಿಡಿದವರಲ್ಲಿ ಮುಖ್ಯ ಕಂಪನಿ ಕೊರಿಯಾದ್ದು. ಸಿಮೆಂಟು ಹೊತ್ತ ಕೈಗಳು ಹೆಚ್ಚಿನವು ನಮ್ಮ ಕಡೆಯವು: ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳ. ಹೆಸರಿನ ಕಥೆಯನ್ನೂ ಹೇಳಿದೆ. ಕಟ್ಟುವಷ್ಟು ದಿನ ಇದು ಬುರ್ಜ್ ದುಬೈ. 2009ರಲ್ಲಿ ದುಬೈ ಸಾಲದಲ್ಲಿ ಸಿಕ್ಕಿಬಿದ್ದಿತ್ತು. ಡಿಸೆಂಬರಿನಲ್ಲಿ ಅಬುಧಾಬಿ ಸಾವಿರ ಕೋಟಿ ಡಾಲರ್ ಕೊಟ್ಟು ಕೈ ಹಿಡಿಯಿತು. ಮುಂದಿನ ತಿಂಗಳು ಉದ್ಘಾಟನೆಯ ದಿನ ನೋಡಿದರೆ ಹೆಸರು ಬುರ್ಜ್ ಖಲೀಫಾ, ಅಬುಧಾಬಿಯ ಆಗಿನ ದೊರೆಯ ಹೆಸರು.

"ನಮ್ಮ ಸೊಸೈಟಿಯವರು ಪರವಾಗಿಲ್ಲ ಮಾರಾಯ," ಅಂದರು ದೊಡ್ಡಪ್ಪ. "ಸಾಲ ಕೊಟ್ಟು ಬಡ್ಡಿ ಮಾತ್ರ ಕೇಳ್ತಾರೆ. ಮನೆಗೆ ಅವರ ಹೆಸರು ಇಡು ಅಂತ ಹೇಳುವುದಿಲ್ಲ."

ಮಾಲ್ ಆಫ್ ಎಮಿರೇಟ್ಸ್‌ನ ಹಿಮದ ಗುಡ್ಡಕ್ಕೆ ಟಿಕೆಟ್ ತೆಗೆಯುವುದು ಬೇಡ ಅಂದರು ಇಬ್ಬರೂ. ಗಾಜಿನ ಈಚೆ ನಿಂತು ನೋಡಿದೆವು, ಅದಕ್ಕೆ ಕಾಸಿಲ್ಲ. 2005ರಿಂದ ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಒಳಗೆ ಪೆಂಗ್ವಿನ್. ಹೊರಗೆ ಆಗಸ್ಟಿನಲ್ಲಿ 45 ಡಿಗ್ರಿ ಇರುವಾಗಲೂ ಅವು ಹೀಗೇ ನಡೆದಾಡಿಕೊಂಡಿರುತ್ತವೆ ಅಂದೆ. "ಕರೆಂಟು ಹೋದರೆ?" ಅಂತ ದೊಡ್ಡಮ್ಮ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ಕೂರುವ ಊರಿನವರ ಪ್ರಶ್ನೆ ಅದು. ನನ್ನಲ್ಲಿ ಉತ್ತರ ಇರಲಿಲ್ಲ.

ಪಾಮ್ ಜುಮೇರಾಕ್ಕೂ ಹೋದೆವು. ಈಚಲು ಮರದ ಆಕಾರದ ಆ ದ್ವೀಪ ಕೆಳಗೆ ನಿಂತರೆ ಸುಮ್ನೆ ಒಂದು ರಸ್ತೆ, ಎರಡೂ ಕಡೆ ಕಟ್ಟಡ, ಅಷ್ಟೇ. ಆಕಾರ ಕಾಣಬೇಕಾದರೆ ವಿಮಾನದಲ್ಲಿರಬೇಕು. ಆದರೆ ಅದರ ಒಂದು ಸಂಗತಿ ನನಗೆ ಇವತ್ತಿಗೂ ಮಜಾ ಅನಿಸುತ್ತದೆ. ಬೆನ್ನ ಹಿಂದೆ ಕಣ್ಣು ಹಾಯುವಷ್ಟೂ ಮರಳುಗಾಡು. ಆದರೂ ದ್ವೀಪಕ್ಕೆ ಮರಳು ತೆಗೆದದ್ದು ಸಮುದ್ರದ ತಳದಿಂದ. ಮರುಭೂಮಿಯ ಮರಳು ಗಾಳಿಗೆ ಉರುಳಿ ಉರುಳಿ ನುಣ್ಣಗಾಗಿರುತ್ತದೆ, ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ. ಕಾಂಕ್ರೀಟಿಗೂ ಆಗುವುದಿಲ್ಲ. ಹಾಗಾಗಿ ಈ ದೇಶ ಹೊರಗಿನಿಂದ ಮರಳನ್ನೂ ತರಿಸುತ್ತದೆ. ಮೂಲ ದೇಶದ ಕಾಲಂ ಮರಳಿಗೂ ಉಂಟು!

ಮೂರನೇ ದಿನ ಮಿರಾಕಲ್ ಗಾರ್ಡನ್. ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಆ ಜಾಗ ಅಷ್ಟಕ್ಕಷ್ಟೆ. 5 ಕೋಟಿಗೂ ಮೇಲೆ ಹೂವು ಅನ್ನುತ್ತಾರೆ. ಹೃದಯದ ಆಕಾರದ ಕಮಾನು, ಹೂವಿನ ಕೋಟೆ, ಹೂವಿನ ಹೆಂಗಸು. ಮದುವೆ ಹಾಲಿನ ಸ್ಟೇಜಿನ ಒಳಗೆ ನಡೆದ ಹಾಗಾಗುತ್ತದೆ. ನಡುವೆ ಒಂದು ಎ380 ವಿಮಾನ ನಿಂತಿದೆ, ನಿಜವಾದ ವಿಮಾನದಷ್ಟೇ ದೊಡ್ಡದು, ಮೂಗಿನಿಂದ ಬಾಲದವರೆಗೂ ಹೂವು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ದೊಡ್ಡಮ್ಮನನ್ನು ನಿಲ್ಲಿಸಿ ನಾನೂ ತೆಗೆದೆ. ಆಮೇಲೆ ನೋಡಿದರೆ ದೊಡ್ಡಪ್ಪ ಇಲ್ಲ.

ಅವರು ಪಕ್ಕದ ಹೂವಿನ ಗೋಡೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎರಡು ಬೆರಳಿನಲ್ಲಿ ಪೆಟೂನಿಯಾದ ಎಲೆ ಸರಿಸಿ ಒಳಗೆ ನೋಡುತ್ತಿದ್ದರು. ಅಲ್ಲಿ ಕಿರುಬೆರಳಿಗಿಂತ ಸಪೂರದ ಕಪ್ಪು ಪೈಪು. ಅದರಿಂದ ಒಂದು ಹನಿ ನೀರು ಬುಡಕ್ಕೆ ಬಿತ್ತು. ಇನ್ನೊಂದು ಹನಿ ಉಬ್ಬಿ ಬೀಳಲು ತಯಾರಾಗಿತ್ತು.

"ಡ್ರಿಪ್ಪು," ಅಂದರು, ದೂರದ ಊರಿನಲ್ಲಿ ನೆಂಟರ ಮುಖ ಕಂಡವರ ಹಾಗೆ. "ನೀರು ಎಲ್ಲಿಂದ?"

ಊರಿನ ಚರಂಡಿ ನೀರನ್ನೇ ಶುದ್ಧ ಮಾಡಿ ಇದಕ್ಕೆ ಬಿಡುತ್ತಾರೆ ಅಂದೆ. ಕುಡಿಯುವ ನೀರಾದರೆ ಸಮುದ್ರದ್ದು, ಉಪ್ಪು ತೆಗೆದು ಕೊಡುತ್ತಾರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್, ಪುತ್ತೂರಿನಲ್ಲಿ ಜುಲೈಯ ಒಂದು ಜೋರು ದಿನಕ್ಕೇ ಅಷ್ಟು ಸುರಿದದ್ದುಂಟು. (2024ರ ಏಪ್ರಿಲ್ 16ಕ್ಕೆ ಇಲ್ಲಿ ಒಂದೇ ದಿನ ಅಷ್ಟು ಸುರಿದು ಏರ್‌ಪೋರ್ಟೇ ಮುಳುಗಿದಾಗ ದೊಡ್ಡಪ್ಪ ಫೋನು ಮಾಡಿ, "ಇಷ್ಟೇ ಮಳೆಗಾ?" ಅಂತ ಕೇಳಿದ್ದರು.) ಸೆಕೆ ಶುರುವಾದರೆ ಈ ತೋಟ ಬಾಗಿಲು ಹಾಕುತ್ತದೆ, ಚಳಿಗಾಲಕ್ಕೆ ಮತ್ತೆ ಹೊಸ ಗಿಡ ನೆಟ್ಟು ತೆರೆಯುತ್ತದೆ ಅಂದಾಗ ದೊಡ್ಡಪ್ಪ ಎದ್ದು ಮೊಣಕಾಲು ಒರೆಸಿಕೊಂಡರು. "ಇದು ತೋಟ ಅಲ್ಲ, ಪ್ರತಿ ವರ್ಷದ ಗದ್ದೆ," ಅಂದರು. ಬೈದದ್ದಾ ಮೆಚ್ಚಿದ್ದಾ ಗೊತ್ತಾಗಲಿಲ್ಲ. ಆಮೇಲೆ ಒಂದು ಗಂಟೆ ಅವರು ಪೈಪುಗಳನ್ನೇ ಹಿಂಬಾಲಿಸಿಕೊಂಡು ಹೋದರು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ಇಷ್ಟು ವರ್ಷ ನಾನೂ ಎಲ್ಲರ ಹಾಗೆ ಇದೆಲ್ಲ ಡೂಪ್ಲಿಕೇಟು, ನಕಲಿ ಊರು ಅಂತ ಗೊಣಗುತ್ತಿದ್ದೆ. ಆದರೆ ನನ್ನ ಆಫೀಸಿನಲ್ಲಿ ದಿನವಿಡೀ ನಡೆಯುವುದೂ ಇದೇ ಅಲ್ವಾ? ಚೀನಾದ ಟಯರನ್ನು ಸೊಮಾಲಿಯಾಕ್ಕೆ ಕಳಿಸುವಾಗ ಅದನ್ನು ಯಾರೂ ನಕಲಿ ಅನ್ನುವುದಿಲ್ಲ. ಹಿಮ, ಹೂವು, ಕಾರಂಜಿ, ಪೆಂಗ್ವಿನ್ ಎಲ್ಲವೂ ಹಾಗೆ ಬಂದ ಸರಕೇ. ವ್ಯತ್ಯಾಸ ಇಷ್ಟೇ: ಇಲ್ಲಿ ಸರಕು ನಿಂತಲ್ಲೇ ನಿಲ್ಲುತ್ತದೆ, ಗಿರಾಕಿ ವಿಮಾನದಲ್ಲಿ ಬಂದು ನೋಡಿಕೊಂಡು ಹೋಗುತ್ತಾನೆ. ಇಲ್ಲಿಯ ವಿಮಾನ ಕಂಪನಿ ಎಮಿರೇಟ್ಸ್ ಕೂಡ 1985ರಲ್ಲಿ ಶುರುವಾದದ್ದು ಪಾಕಿಸ್ತಾನದಿಂದ ಬಾಡಿಗೆಗೆ ತಂದ ವಿಮಾನಗಳಲ್ಲಿ. 2024ರಲ್ಲಿ ಇದೇ ದುಬೈ ಏರ್‌ಪೋರ್ಟಿನಲ್ಲಿ ಹತ್ತಿ ಇಳಿದವರು 9 ಕೋಟಿ 23 ಲಕ್ಷ.

ಪಕ್ಕದ ಊರುಗಳೂ ಇದನ್ನೇ ಕಲಿತವು. ಅಬುಧಾಬಿಯವರು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ ಹೆಸರನ್ನೇ ಬಾಡಿಗೆಗೆ ತಂದರು. 2007ರ ಒಪ್ಪಂದ, 30 ವರ್ಷಕ್ಕೆ, ಬರೀ ಹೆಸರಿಗೆ 40 ಕೋಟಿ ಯೂರೋ. ಕಟ್ಟಡ 2017ರಲ್ಲಿ ತೆರೆಯಿತು, ಅದರ ಗುಮ್ಮಟದ ಕೆಳಗೆ ಬೀಳುವ ಬಿಸಿಲಿನ ಚುಕ್ಕಿಗಳು ಮಾತ್ರ ಯಾವ ಪ್ಯಾರಿಸ್ಸಿನಲ್ಲೂ ಇಲ್ಲ, ಅದನ್ನು ಒಪ್ಪಬೇಕು. ದೋಹಾದವರು 2022ರ ವಿಶ್ವಕಪ್‌ಗೆ 974 ಕಂಟೇನರ್ ಜೋಡಿಸಿ ಸ್ಟೇಡಿಯಂ ಕಟ್ಟಿದರು, ಬಿಚ್ಚಿ ತೆಗೆಯಲಿಕ್ಕೆ ಆಗುವ ಹಾಗೆ. ನನ್ನ ಕಸುಬಿನವನಿಗೆ ಅದು ತಾಜ್‌ಮಹಲಿಗಿಂತ ಒಂದು ಕೈ ಮೇಲೆ. ಸೌದಿಯವರು 2019ರಲ್ಲಿ ಟೂರಿಸ್ಟ್ ವೀಸಾ ಶುರು ಮಾಡಿದರು. ಅವರ ಹತ್ತಿರ ಹೆಗ್ರಾದಂಥ, ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಗೋರಿಗಳ ಸ್ವಂತ ಮಾಲು ಉಂಟು.

ಇನ್ನು ಡೆಸರ್ಟ್ ಸಫಾರಿ. ಬೇಡ ಅಂತ ನಾನು ಹೇಳಿದ್ದೆ. ಪ್ಯಾಕೇಜಿನವನು ಫೋನಿನಲ್ಲಿ "ವಯಸ್ಸಾದವರಿದ್ದರೆ ನಿಧಾನ ಓಡಿಸುತ್ತೇವೆ ಸಾರ್" ಅಂದಿದ್ದ. ಆ ಮಾತು ಡ್ರೈವರಿನ ತನಕ ಮುಟ್ಟಿರಲಿಲ್ಲ. ಪೇಶಾವರ ಕಡೆಯವನು, ದೊಡ್ಡ ಆಳು, ಮೆತ್ತಗಿನ ಮಾತು. ಮರಳು ಶುರುವಾಗುವಲ್ಲಿ ಲ್ಯಾಂಡ್ ಕ್ರೂಸರ್ ನಿಲ್ಲಿಸಿ ನಾಲ್ಕೂ ಚಕ್ರದ ಗಾಳಿ ಬಿಟ್ಟ. ಬುಸ್ಸ್ ಅಂತ ಟಯರು ಕೂತಿತು. ದೊಡ್ಡಪ್ಪ ಗಾಬರಿ. ಅವನು ಹಿಂದಿಯಲ್ಲಿ ವಿವರಿಸಿದ: ಟಯರು ಅಗಲ ಆಗಬೇಕು ಚಾಚಾ, ಇಲ್ಲದಿದ್ದರೆ ಹೂತುಹೋಗುತ್ತದೆ, ಒಂಟೆಯ ಪಾದ ನೋಡಿ, ಹಾಗೆ. ಇಪ್ಪತ್ತು ನಿಮಿಷ ಮರಳಿನ ದಿಬ್ಬಗಳ ಮೇಲೆ ಹಾರಿಸಿದ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದವರು ಕಡೆಗೆ ಅದನ್ನೂ ನಿಲ್ಲಿಸಿ ಕೈಸನ್ನೆ ಮಾಡಿದರು. ಅವನು ನಿಲ್ಲಿಸಿ, ಪ್ಲಾಸ್ಟಿಕ್ ಕವರು, ಅರ್ಧ ಲಿಂಬೆಹಣ್ಣು ಕೊಟ್ಟ. ಎರಡೂ ಅವನ ಡ್ಯಾಶ್‌ಬೋರ್ಡಿನಲ್ಲಿ ತಯಾರಿದ್ದವು.

ನಿಲ್ಲಿಸಿದ್ದು ಒಂದು ಮರದ ಹತ್ತಿರ. ಸುತ್ತ ಮರಳು ಬಿಟ್ಟು ಬೇರೇನಿಲ್ಲ. ಸಣ್ಣ ಸಣ್ಣ ಎಲೆ, ಜೋತುಬಿದ್ದ ಕೊಂಬೆ, ಒಂದೆರಡು ಮುಳ್ಳು. ದೊಡ್ಡಪ್ಪ ಇಳಿದು ಅದರ ಬುಡ ಸುತ್ತಿ ನೋಡಿದರು. ನನಗೆ ಗೊತ್ತಾಯಿತು ಏನು ಹುಡುಕುತ್ತಿದ್ದಾರೆ ಅಂತ.

"ಇದಕ್ಕೆ ಪೈಪಿಲ್ಲ," ಅಂದರು.

"ಅದು ಘಾಫ್ ಮರ ದೊಡ್ಡಪ್ಪ. ಇಲ್ಲಿಯದ್ದೇ. ಈ ದೇಶದ ರಾಷ್ಟ್ರೀಯ ಮರ. ಬೇರು ತುಂಬ ಆಳಕ್ಕೆ ಹೋಗಿ ನೀರು ಹುಡುಕಿಕೊಳ್ಳುತ್ತದೆ. ನಮ್ಮಲ್ಲಿ ಬನ್ನಿ ಮರ ಅಂತಾರಲ್ಲ, ಅದೇ ಇದು."

"ಪಾಂಡವರು ಆಯುಧ ಇಟ್ಟದ್ದಾ?" ಅಂತ ಕಾರಿನೊಳಗಿಂದ ದೊಡ್ಡಮ್ಮನ ದನಿ. ಲಿಂಬೆಹಣ್ಣು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದರು. ಡ್ರೈವರ್ ಏನು ಅಂತ ಕೇಳಿದ. ಮಹಾಭಾರತದ ಅಜ್ಞಾತವಾಸವನ್ನು ನನ್ನ ಹಿಂದಿಯಲ್ಲಿ ಹೇಳಲು ಹೋಗಿ ಅರ್ಧಕ್ಕೆ ಬಿಟ್ಟೆ.

ಕ್ಯಾಂಪಿನಲ್ಲಿ ರಾತ್ರಿ ಅರೇಬಿಯಾದ ಸಂಸ್ಕೃತಿ ಅಂತ ಒಬ್ಬ ಬಣ್ಣದ ಲಂಗ ಹಾಕಿಕೊಂಡು ಗಿರಗಿರ ತಿರುಗಿದ. ಅದು ತನೂರಾ, ಈಜಿಪ್ಟಿನ ಕುಣಿತ. ಬೆಲ್ಲಿ ಡ್ಯಾನ್ಸೂ ಈ ಮರಳಿನದ್ದಲ್ಲ. ಊಟದಲ್ಲಿ ದಾಲ್, ಜೀರಾ ರೈಸ್, ಪಕ್ಕದಲ್ಲಿ 'ಜೈನ್ ಫುಡ್' ಅಂತ ಬೋರ್ಡು. ದೊಡ್ಡಮ್ಮ ಬರೀ ಅನ್ನ ಮೊಸರು ತಿಂದು ಜೀವ ಬಂತು ಅಂದರು.

ಭಾನುವಾರ ಸಂಜೆ ಬುರ್ಜ್ ಖಲೀಫಾದ ಬುಡದ ಕಾರಂಜಿ. ಮೆಟ್ರೋದಲ್ಲಿ ಕಾಲಿಡಲು ಜಾಗ ಇಲ್ಲ. ಅರ್ಧ ಪ್ರವಾಸಿಗರು, ಇನ್ನರ್ಧ ನಮ್ಮ ಹುಡುಗರು. ಇಸ್ತ್ರಿ ಮಾಡಿದ ಶರಟು, ಎಣ್ಣೆ ಹಾಕಿ ಬಾಚಿದ ತಲೆ. ಸೋನಾಪುರದ ಲೇಬರ್ ಕ್ಯಾಂಪಿನಿಂದ ವಾರಕ್ಕೊಂದು ರಜೆಗೆ ಹೊರಟವರು. ಬುರ್ಜಿನ ಮೇಲಿಂದ ನೋಡಲು ಟಿಕೆಟ್ ಬೇಕು, ಕೆಳಗಿಂದ ನೋಡಲು ಬೇಡ. ನಾನೂ ಮೊದಲ ಎರಡು ವರ್ಷ ಆರು ಜನರ ಕೋಣೆಯಲ್ಲಿ ಬೆಡ್‌ಸ್ಪೇಸಿನಲ್ಲಿದ್ದವನು, ಇಲ್ಲೇ ಬಂದು ನಿಲ್ಲುತ್ತಿದ್ದೆ. ಒಬ್ಬ ಹುಡುಗ ವಿಡಿಯೋ ಕಾಲ್ ಹಚ್ಚಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಪರದೆಯಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಮಗು. ನೀರು ಬುರ್ಜಿನ ಮುಂದೆ ಜಿಗಿದು ಬಿತ್ತು. ಅವನು ಫೋನು ಕೆಳಗಿಳಿಸಿ ತಾನು ಕಟ್ಟಡ ನೋಡದೆ ಅವರ ಮುಖ ನೋಡಿದ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ, ಬಯಲಲ್ಲಿ ದುಡಿಯುವ ಇಂಥವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಕೆಲಸ ನಿಲ್ಲಿಸಬೇಕು ಅಂತ ಕಾನೂನು. ಮೂರು ಗಂಟೆಗೆ ಬಿಸಿಲು ಎಷ್ಟಿರುತ್ತದೆ ಅಂತ ಕಾನೂನು ಹೇಳುವುದಿಲ್ಲ.

ಹೊರಡುವ ಹಿಂದಿನ ದಿನ ಅವರನ್ನು ನನ್ನ ಜಾಗಕ್ಕೆ ಕರೆದುಕೊಂಡು ಹೋದೆ. ಬರ್ ದುಬೈಯಿಂದ ದೇರಾಕ್ಕೆ ಕ್ರೀಕ್, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಕವಲು, ದಾಟುವ ಅಬ್ರಾ ದೋಣಿ. ಒಬ್ಬರಿಗೆ ಒಂದು ದಿರ್ಹಮ್. ಮರದ ದೋಣಿ, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಹಲಗೆ, ಹೊಟ್ಟೆಯಲ್ಲಿ ಡೀಸೆಲ್ ಇಂಜಿನ್. ಮಧ್ಯದ ಗುಳಿಯಲ್ಲಿ ನಿಂತು ಅಂಬಿಗ ಓಡಿಸುತ್ತಾನೆ. ನೇತ್ರಾವತಿಯ ಕಡವು ನೋಡಿದ ದೊಡ್ಡಪ್ಪನಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ, ಹೋಗಿ ಸರಿಯಾದ ಜಾಗದಲ್ಲೇ ಕೂತರು.

"ಇದಾದರೂ ಇಲ್ಲಿಯದ್ದಾ?" ಅಂತ ಕೇಳಿದರು, ನೀರಿಗೆ ಕೈ ತೋರಿಸಿ.

ಇಲ್ಲಿಯದ್ದೇ, ಆದರೆ ತೋಡಿದ್ದು ಅಂದೆ. ಇದರಲ್ಲಿ ಹೂಳು ತುಂಬಿ ಹಡಗು ಬರಲಿಕ್ಕೆ ಆಗುತ್ತಿರಲಿಲ್ಲ. ಪಕ್ಕದ ಶಾರ್ಜಾದ ಕ್ರೀಕೂ ಹಾಗೇ ಹೂತಿತು, ಅಲ್ಲಿಯ ವ್ಯಾಪಾರ ಕೈಬಿಟ್ಟಿತು. ಇಲ್ಲಿಯ ಶೇಖ್ ರಶೀದ್ ಕುವೈತಿನಿಂದ ಸಾಲ ತಂದು 1960ರ ಆಸುಪಾಸಿನಲ್ಲಿ ಹೂಳು ತೆಗೆಸಿದ. ಎಣ್ಣೆ ಸಿಕ್ಕಿದ್ದು ಅದಾದ ಮೇಲೆ, 1966ರಲ್ಲಿ. ಆಗ ಇಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು. ಆ ಕಾಲದಲ್ಲಿ ಇಲ್ಲಿಂದ ಹೊರಟ ಮಂಜಿಗಳಲ್ಲಿ, ಅಂದರೆ ಸರಕಿನ ಮರದ ಹಡಗುಗಳಲ್ಲಿ, ಬಂಗಾರ ಬೊಂಬಾಯಿ ಕಡೆಗೆ ಹೋಗುತ್ತಿತ್ತು. ಇಲ್ಲಿ ಒಂದು ಗುಂಜಿ ಬಂಗಾರವೂ ಬೆಳೆಯುವುದಿಲ್ಲ.

"ತರುವುದು, ಕಳಿಸುವುದು," ಅಂದರು ದೊಡ್ಡಪ್ಪ. "ನಿನ್ನ ಆಫೀಸಿನ ಕೆಲಸವೇ."

ಎದುರು ದಡದಲ್ಲಿ ಮಂಜಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಕಟ್ಟೆಯ ಮೇಲೆ ಫ್ರಿಡ್ಜು, ಟಯರು, ಗೋಣಿಚೀಲ. ಒಬ್ಬ ಗುಜರಾತಿ ಖಲಾಸಿ ಹಗ್ಗದ ಮೇಲೆ ಬನಿಯನ್ ಒಣಹಾಕುತ್ತಿದ್ದ. ದೊಡ್ಡಪ್ಪ ಗೋಣಿಗಳನ್ನೇ ನೋಡುತ್ತಿದ್ದರು.

"ನಿನ್ನ ಆಫೀಸಿಗೆ ಅಡಿಕೆ ಬರ್ತದಾ?"

"ಬಂದದ್ದುಂಟು, ಒಮ್ಮೊಮ್ಮೆ."

"ಎಲ್ಲಿಂದ?"

"ಇಂಡೋನೇಷ್ಯಾದಿಂದ."

ದೋಣಿ ಅರ್ಧ ದಾಟಿತ್ತು. ಅಂಬಿಗ ಕೈ ಚಾಚಿದ. ಮೂರು ನಾಣ್ಯ ಕೊಟ್ಟೆ. ದೊಡ್ಡಪ್ಪ ಲೆಕ್ಕ ಹಾಕುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲ ಮಾರಾಯ, ಇಲ್ಲಿ ಅಡಿಕೆ ತಿನ್ನುವವರು ಯಾರಿದ್ದಾರೆ? ಹಾಗಾದ್ರೆ ಅದು ಇಲ್ಲಿಂದ ಹೋಗುವುದೆಲ್ಲಿಗೆ?"

ದೋಣಿ ದೇರಾದ ಕಟ್ಟೆಗೆ ತಾಗಿತು.

"ಇಳಿಯುವಾಗ ಜಾಗ್ರತೆ ದೊಡ್ಡಪ್ಪ," ಅಂದೆ. "ಮೆಟ್ಟಿಲು ಜಾರ್ತದೆ."